ತಂತಿಗೆ ಸಲ್ಲುವ ಋಣ

ಫೈಬರ್ ಸಂಪರ್ಕವನ್ನು ಜೋಡಿಸಲು ಬಂದವನು ಬೀದಿಯ ಕಡೆಯ ಗೋಡೆಯಲ್ಲಿ, ತನ್ನ ಕೆಲಸಕ್ಕೆ ಸುಲಭವಾದ ಮೂಲೆಯೊಂದನ್ನು ಹಿಡಿದು ರೂಟರನ್ನು ನೇತುಹಾಕಿ ಹೋದ ಮೇಲೆ, ಮಹಡಿಯ ಕೋಣೆಗೆ ವೈಫೈ ತಲಪದೆಂದು ಕಂಡ ಗೃಹಸ್ಥರು ಹೆಚ್ಚು ವೇಗದ, ಹೆಚ್ಚು ಬೆಲೆಯ ಪ್ಲಾನಿಗೆ ಮೊರೆಹೋಗುವುದನ್ನು ನಾವು ಎಲ್ಲೆಲ್ಲಿಯೂ ಕಾಣುತ್ತಿರುವೆವಷ್ಟೆ. ಕೊರತೆಯಿರುವುದು ಪ್ಲಾನಿನಲ್ಲಲ್ಲ, ಗೋಡೆಗಳಲ್ಲಿ.

ತರಂಗಗಳು ಗೋಡೆಯನ್ನು ದಾಟಲಾರವೆಂದಲ್ಲ; 1895ರಲ್ಲಿ ವಿಜ್ಞಾನಿ ಜಗದೀಶಚಂದ್ರ ಬೋಸರು ಕಲ್ಕತ್ತೆಯಲ್ಲಿ ಅದೃಶ್ಯ ತರಂಗಗಳನ್ನು ಗೋಡೆಯಾಚೆಗೆ ಕಳುಹಿಸಿ ಗಂಟೆ ಬಾರಿಸಿ ತೋರಿದರು. ಆದರೆ ಗಂಟೆಯೊಂದನ್ನು ಬಾರಿಸುವುದು ಬೇರೆ, ಚಲನಚಿತ್ರವೊಂದನ್ನು ಮುಕ್ಕಾಗದಂತೆ ಸಾಗಿಸುವುದು ಬೇರೆ. ಸುಮಾರು 12.5 ಸೆಂಟಿಮೀಟರ್ ಉದ್ದವಿರುವ 2.4 ಗಿಗಾಹರ್ಟ್ಸಿನ ವೈಫೈ ತರಂಗವು ಗೋಡೆಗಳನ್ನು ತಕ್ಕಮಟ್ಟಿಗೆ ದಾಟಬಲ್ಲುದಾದರೂ, ಅಲ್ಲಿ ಒಂದನ್ನೊಂದು ತುಳಿಯದ ಚಾನೆಲುಗಳು 1, 6, 11 ಎಂಬ ಮೂರೇ ಆದಕಾರಣ, ಅಪಾರ್ಟ್‌ಮೆಂಟುಗಳಲ್ಲಿ ನೆರೆಹೊರೆಯವರ ರೂಟರುಗಳೆಲ್ಲವೂ, ಸಾಲದೆಂಬಂತೆ ಮೈಕ್ರೋವೇವ್ ಒಲೆಯೂ, ಆ ಇಕ್ಕಟ್ಟಿನಲ್ಲಿಯೇ ನೂಕಾಡುವುವು. 5 ಗಿಗಾಹರ್ಟ್ಸಿನದು ವೇಗಶಾಲಿಯಾದರೂ ಸುಕುಮಾರ. ಕರಾವಳಿಯ ಕೆಂಪುಕಲ್ಲಿನ ದಪ್ಪ ಗೋಡೆ, ಆರ್‌ಸಿಸಿ ಛಾವಣಿ, ಕಬ್ಬಿಣದ ಬೀರು, ಆಳುದ್ದದ ಕನ್ನಡಿ ಇವುಗಳೆದುರು ಬೇಗನೆ ಸೊರಗುವುದು.

ಅಂಗಡಿಯವರು ಈಗ ಮೆಶ್ ಎಂಬ ಪೆಟ್ಟಿಗೆಗಳನ್ನು ಸರ್ವರೋಗಪರಿಹಾರವೆಂಬಂತೆ ತೋರಿಸುತ್ತಾರೆ. ಬಾಡಿಗೆಯ ಮನೆಗೆ ಅವು ಸಾಕು. ಆದರೆ ಒಂದು ಪೆಟ್ಟಿಗೆ ಆಡಿದುದನ್ನು ಮತ್ತೊಂದು ಅದೇ ಗಾಳಿಯಲ್ಲಿ ಪುನಃ ಆಡಬೇಕಾದಾಗ, ಎರಡಕ್ಕೂ ಒಂದೇ ರೇಡಿಯೊ ಇದ್ದಲ್ಲಿ, ವೇಗವು ಅರ್ಧಕ್ಕಿಳಿಯುವುದುಂಟು. ಸ್ವಂತ ಮನೆ ಕಟ್ಟಿಸುವವರಾದರೋ, ಗೋಡೆಗೆ ಪ್ಲಾಸ್ಟರಿಂಗ್ ಆಗುವ ಮುನ್ನವೇ ಕರೆಂಟಿನ ಪೈಪಿನಿಂದ ದೂರವಾಗಿ ಬೇರೊಂದು ಪೈಪನ್ನು ಹೂಳಿಸಿ, ಅದರಲ್ಲಿ ಅಂತಸ್ತಿಗೊಂದರಂತೆ ಕ್ಯಾಟ್ 6 ಎಂಬ ನೆಟ್‌ವರ್ಕ್ ಕೇಬಲನ್ನು ಎಳೆಸಿ, ಪ್ರತಿಯೊಂದರ ತುದಿಗೂ ನಡುಮನೆಯ ಛಾವಣಿಯಲ್ಲಿ ವೈಫೈಯನ್ನು ಹರಡುವ ಒಂದು ಆಕ್ಸೆಸ್ ಪಾಯಿಂಟನ್ನು ಪ್ರತಿಷ್ಠಾಪಿಸತಕ್ಕದ್ದು. 100 ಮೀಟರಿನವರೆಗೂ ಈ ತಂತಿಯು ಸೆಕೆಂಡಿಗೆ ಒಂದು ಗಿಗಾಬಿಟ್ಟನ್ನು ನಿರಾಯಾಸವಾಗಿ ಹೊರುವುದು.

ತಂತಿಯ ಜಾತಿಯನ್ನು ಮಾತ್ರ ಪರೀಕ್ಷಿಸಿಯೇ ಕೊಳ್ಳಬೇಕು. ಅಲ್ಯುಮಿನಿಯಮ್ಮಿಗೆ ತಾಮ್ರದ ಲೇಪ ಬಳಿದ ಅಗ್ಗದ ಕೇಬಲು ಕ್ಯಾಟ್ 6ರ ಹೆಸರಿನಲ್ಲಿಯೇ ಮಾರಾಟವಾಗುವುದು, ತುದಿಯನ್ನು ಕೆರೆದು ನೋಡಿದರೆ ಬಿಳಿಯ ಲೋಹ ಕಾಣಿಸುವುದು. ಇನ್ನು, ಎಂಟು ಎಳೆಗಳಲ್ಲಿ ನಾಲ್ಕನ್ನಷ್ಟೇ ಜೋಡಿಸಿ ‘ನೆಟ್ ಬಂತಲ್ಲ ಸಾರ್’ ಎನ್ನುವ ಕೆಲಸಗಾರರೂ ಉಂಟು. ನೆಟ್ ಬಂದುದು ದಿಟವೇ, ಆದರೆ ಅದು 100 ಮೆಗಾಬಿಟ್ಟಿಗೆ ನಿಂತುಬಿಡುವುದು, ಗಿಗಾಬಿಟ್ಟಿಗೆ ಎಂಟೂ ಬೇಕು.

ಟೀವಿ, ಮೇಜಿನ ಕಂಪ್ಯೂಟರು ಮೊದಲಾದ ಸ್ಥಾವರಗಳಿಗೆ ತಂತಿಯನ್ನೇ ಕೊಟ್ಟು, ಗಾಳಿಯನ್ನು ಫೋನುಗಳೆಂಬ ಜಂಗಮಗಳಿಗೆ ಬಿಡುವುದು ಲೇಸು. ಎಲ್ಲ ಪಾಯಿಂಟುಗಳಿಗೂ ಒಂದೇ ಹೆಸರು, ಒಂದೇ ಪಾಸ್‌ವರ್ಡ್ ಇರಲಿ. ಅವುಗಳ ಪ್ರಸಾರಬಲವನ್ನು ಕೊಂಚ ತಗ್ಗಿಸಬೇಕು, ಇಲ್ಲವಾದಲ್ಲಿ ಮಹಡಿಯೇರಿದ ಫೋನು ಕೆಳಗಿನ ಕ್ಷೀಣ ಸಿಗ್ನಲನ್ನೇ ಹಟದಿಂದ ಹಿಡಿದು ಕುಳಿತಿರುವುದು. ಈ ಕೇಬಲುಗಳನ್ನೆಲ್ಲ ಒಟ್ಟುಗೂಡಿಸುವ ಪಿಒಇ ಸ್ವಿಚ್ಚನ್ನು ಕೊಂಡರಂತೂ ಆಕ್ಸೆಸ್ ಪಾಯಿಂಟುಗಳಿಗೆ ವಿದ್ಯುತ್ತೂ ಅದೇ ಕೇಬಲಿನಲ್ಲಿ ಹರಿಯುವುದರಿಂದ, ಫೈಬರಿನ ಪೆಟ್ಟಿಗೆ, ರೂಟರು, ಸ್ವಿಚ್ಚು ಮೂರನ್ನೂ ಒಂದೇ ಯುಪಿಎಸ್‌ಗೆ ಜೋಡಿಸಿಬಿಟ್ಟರೆ, ಮಳೆಗಾಲದಲ್ಲಿ ಕರೆಂಟು ಹೋದಾಗಲೂ ಮನೆಯ ಜಾಲವು ಕಡಿದುಹೋಗದು.