‘ಸುಸ್ಥಿರ’ ಶಬ್ದವೂ ಅಧ್ಯಾಪಕ ಶಿಕ್ಷಣವೂ

ಉಪಾಧ್ಯಾಯ ವೃತ್ತಿಗೆ ಸಿದ್ಧರಾಗುತ್ತಿರುವ ವಿದ್ಯಾರ್ಥಿಗಳ ಪಠ್ಯಕ್ರಮದಲ್ಲಿ ‘ಸುಸ್ಥಿರ ಅಭಿವೃದ್ಧಿ’ ಎಂಬ ಮಾತು ಈಚೆಗೆ ಭದ್ರವಾಗಿ ನೆಲೆಯೂರಿರುವುದು. ಅದರ ಲಕ್ಷಣವನ್ನು ಕೇಳಿದರೆ ಬಹುಮಂದಿ ತಡೆಯಿಲ್ಲದೆ ಒಪ್ಪಿಸುವರು. ನಿಮ್ಮೂರಿನಲ್ಲಿ ಈ ಲಕ್ಷಣಕ್ಕೆ ಲಕ್ಷ್ಯವಾವುದೆಂದು ಕೇಳಿದರೆ ಉತ್ತರ ಬರುವುದು ವಿರಳ. ಲಕ್ಷ್ಯ ಲಕ್ಷಣಗಳೆರಡೂ ಕೂಡಿಯೇ ಶಾಸ್ತ್ರವೆನಿಸುವುವೆಂಬುದನ್ನು ವ್ಯಾಕರಣವನ್ನೋದಿದವರಿಗೆ ಹೊಸದಾಗಿ ಹೇಳಬೇಕಾಗಿಲ್ಲ. ಈ ಕೊರತೆಗೆ ಕಾರಣವು ಪಾಠದ ಶಬ್ದದಲ್ಲಿಯೂ, ಅದನ್ನು ವಿಧಿಸಿದ ಗ್ರಂಥದಲ್ಲಿಯೂ ಇರುವುದೆಂದು ತೋರುವುದರಿಂದ ಎರಡನ್ನೂ ಇಲ್ಲಿ ಪರಿಶೀಲಿಸುವೆವು.

ಮೊದಲು ಶಬ್ದ. ‘ಸ್ಥಿರ’ವೆಂಬುದು ‘ಸ್ಥಾ’ ಧಾತುವಿನಿಂದ ಹುಟ್ಟಿದುದು. ನಿಂತದ್ದು, ಕದಲದ್ದು ಎಂದರ್ಥ. ‘ಸು’ ಎಂಬ ಉಪಸರ್ಗವು ಆ ನಿಲುಗಡೆಯನ್ನು ಇನ್ನಷ್ಟು ಬಿಗಿಗೊಳಿಸುವುದೇ ಹೊರತು ಬೇರೆ ಅರ್ಥವನ್ನು ತರಲಾರದು. ಅಭಿವೃದ್ಧಿಯಾದರೋ ಬೆಳವಣಿಗೆ. ಚೆನ್ನಾಗಿ ನಿಂತುಹೋದ ಬೆಳವಣಿಗೆಯೆಂದರೇನು? ಇಂಗ್ಲಿಷಿನ ಮೂಲಶಬ್ದಕ್ಕೆ ಲ್ಯಾಟಿನ್ನಿನಲ್ಲಿ ಕೆಳಗಿನಿಂದ ಎತ್ತಿ ಹಿಡಿಯುವುದೆಂಬ ಅರ್ಥವಿದೆ. ಅಲ್ಲಿ ಹಿಡಿಯುವ ಕರ್ತೃವೊಬ್ಬನ ಅಪೇಕ್ಷೆಯುಂಟು. ಸ್ಯಾಕ್ಸನಿಯ ಗಣಿ ಅಧಿಕಾರಿ ಹಾನ್ಸ್ ಕಾರ್ಲ್ ಫಾನ್ ಕಾರ್ಲೋವಿಟ್ಸ್ 1713ರಲ್ಲಿ ಅರಣ್ಯವಿಷಯಕವಾದ ತನ್ನ ಗ್ರಂಥದಲ್ಲಿ ಇದಕ್ಕೆ ಸಮಾನವಾದ ಜರ್ಮನ್ ಮಾತನ್ನು ಬಳಸಿದಾಗಲೂ, ಕಡಿಯುವುದಕ್ಕೂ ಬೆಳೆಸುವುದಕ್ಕೂ ಸಮತೂಕವಿರಬೇಕೆಂಬ ಕಾರ್ಯವೇ ಅವನ ಮನಸ್ಸಿನಲ್ಲಿದ್ದಿತು. ಮರಾಠಿಯವರು ‘ಶಾಶ್ವತ’ವೆಂದು ನಮಗಿಂತಲೂ ದೂರ ಸರಿದಿದ್ದಾರೆ. ಹಿಂದಿಯಲ್ಲಿ ‘ಸತತ’ವೆಂಬುದರ ಜೊತೆಗೆ ‘ಧಾರಣೀಯ’ವೆಂಬುದೂ ಬಳಕೆಯಲ್ಲಿದೆ, ಇವುಗಳಲ್ಲಿ ಕೊನೆಯದೊಂದೇ ಅರ್ಥಕ್ಕೆ ಸಮೀಪವಾದುದು. ರೂಢಿಯಾದ ಶಬ್ದವನ್ನು ಕಿತ್ತೊಗೆಯಬೇಕೆಂಬುದು ನಮ್ಮ ವಾದವಲ್ಲ. ಆದರೆ ಈ ಶಬ್ದದಲ್ಲಿ ದುಡಿಯುವ ಕೈ ಮರೆಯಾಗಿರುವುದೆಂಬುದನ್ನು ಅಧ್ಯಾಪಕನು ತಿಳಿದಿರಬೇಕು.

ಪರೀಕ್ಷೆಗಳಲ್ಲಿ ಒಪ್ಪಿಸುವ ಲಕ್ಷಣವು 1987ರ ಬ್ರಂಟ್‌ಲಂಡ್ ಸಮಿತಿಯ ವರದಿಯಿಂದ ಬಂದುದು. ಮುಂದಿನ ತಲೆಮಾರುಗಳ ಸಾಮರ್ಥ್ಯಕ್ಕೆ ಕುಂದು ತಾರದೆ ಇಂದಿನವರು ತಮ್ಮ ಅಗತ್ಯಗಳನ್ನು ಪೂರೈಸಿಕೊಳ್ಳುವುದೆಂದು ಅದರ ತಾತ್ಪರ್ಯ. ಯಾರ ಅಗತ್ಯ ಎಂಬ ಪ್ರಶ್ನೆಗೆ ಬಡವರ ಅಗತ್ಯಕ್ಕೇ ಪ್ರಾಶಸ್ತ್ಯವೆಂದು ವರದಿಯೇ ಹೇಳಿರುವುದು. ನಮ್ಮ ಪಾಠಗಳು ಆ ಭಾಗವನ್ನು ಕಳಚಿ ಮೊದಲ ವಾಕ್ಯವನ್ನು ಮಾತ್ರ ಉಳಿಸಿಕೊಂಡಿವೆ. ಹಾಗೆ ಕಳಚಿದ ಲಕ್ಷಣಕ್ಕೆ ಅತಿವ್ಯಾಪ್ತಿದೋಷವು ತಪ್ಪದು; ಎಂತಹ ಉದ್ಯಮವನ್ನಾದರೂ ಅದರೊಳಗೆ ತುರುಕಬಹುದು.

ಇನ್ನು ಗ್ರಂಥದ ವಿಚಾರ. ಪರಿಸರವನ್ನು ಕಡ್ಡಾಯವಾಗಿ ಬೋಧಿಸಬೇಕೆಂದು ಸುಪ್ರೀಂ ಕೋರ್ಟು 1991ರಲ್ಲಿ ಆದೇಶಿಸಿತು. 2005ರ ಶಾಲಾ ಪಠ್ಯಕ್ರಮ ಚೌಕಟ್ಟು ಅದನ್ನು ಎಲ್ಲ ವಿಷಯಗಳಲ್ಲಿಯೂ ಬೆರೆಸುವ ಮಾರ್ಗವನ್ನು ಹಿಡಿಯಿತು. ಎಲ್ಲರೂ ಕಲಿಸತಕ್ಕ ವಿಷಯಕ್ಕೆ ಎಲ್ಲರನ್ನೂ ಸಿದ್ಧಗೊಳಿಸಬೇಕಷ್ಟೆ. ಆ ಭಾರವು ರಾಷ್ಟ್ರೀಯ ಅಧ್ಯಾಪಕ ಶಿಕ್ಷಣ ಪರಿಷತ್ತಿನ 2009ರ ಪಠ್ಯಕ್ರಮ ಚೌಕಟ್ಟಿನ ಮೇಲೆ ಬಿದ್ದಿತು. ಅದರಲ್ಲಿ ಸಮತೆಯುಳ್ಳ ಸುಸ್ಥಿರ ಅಭಿವೃದ್ಧಿಯನ್ನು ಕುರಿತು ಒಂದು ಪ್ರಕರಣವಿದೆ. ಶಿಕ್ಷಣದಲ್ಲಿ ಸಮುದಾಯದ ಜ್ಞಾನಕ್ಕಿರುವ ಸ್ಥಾನವನ್ನು ಕುರಿತು ಇನ್ನೊಂದಿದೆ. ಎರಡರ ಆಶಯವೂ ಶ್ಲಾಘ್ಯವೇ. ಆದರೆ ಪಕ್ಕದ ಮನೆಗಳಲ್ಲಿದ್ದೂ ಪರಸ್ಪರ ಮಾತನಾಡದ ದಾಯಾದಿಗಳಂತೆ ಇವು ಬೇರೆಬೇರೆಯಾಗಿ ನಿಂತಿವೆ. ಒಂದರಲ್ಲಿ ಲಕ್ಷಣ, ಮತ್ತೊಂದರಲ್ಲಿ ಲಕ್ಷ್ಯ. ಇವನ್ನು ಕೂಡಿಸುವ ಕ್ರಮವನ್ನು ಗ್ರಂಥವು ವಿವರಿಸಲಿಲ್ಲ. ನಮ್ಮ ಆಕ್ಷೇಪಣೆಯೆಲ್ಲವೂ ಇಲ್ಲಿಯೇ.

ಕೂಡಿಸುವುದು ಹೇಗೆಂಬುದಕ್ಕೆ ಶಾಸನಪರಿಚಯವುಳ್ಳ ಈ ಪತ್ರಿಕೆಯ ವಾಚಕರಿಗೆ ಒಂದು ನಿದರ್ಶನ ಸಾಕು. ಕಡಪ ಜಿಲ್ಲೆಯ ಪೋರುಮಾಮಿಳ್ಳದಲ್ಲಿ ಬುಕ್ಕರಾಯನ ಮಗನಾದ ಭಾಸ್ಕರನು ಕಟ್ಟಿಸಿದ ಕೆರೆಗೆ ಕ್ರಿ. ಶ. 1369ರ ಸಂಸ್ಕೃತ ಶಾಸನವೊಂದಿದೆ. ಒಂದು ಸಾವಿರ ಮಂದಿ ಆಳುಗಳೂ ನೂರು ಬಂಡಿಗಳೂ ಎರಡು ವರ್ಷ ದುಡಿದ ಲೆಕ್ಕವು ಅದರಲ್ಲಿ ಸಿಕ್ಕುವುದು. ಕೆರೆಗೆ ಬೇಕಾದ 12 ಅಂಗಗಳನ್ನೂ, ಬರಬಾರದ 6 ದೋಷಗಳನ್ನೂ ಶಾಸನಕಾರನು ಎಣಿಸಿದ್ದಾನೆ. ಏರಿಯಿಂದ ನೀರು ಜಿನುಗುವುದು, ಚೌಳುಮಣ್ಣು, ಎರಡು ರಾಜ್ಯಗಳ ಗಡಿಯಲ್ಲಿರುವುದು, ನಡುವೆ ದಿಬ್ಬವಿರುವುದು ಇವು ನಾಲ್ಕು. ಮಿಕ್ಕೆರಡು ಇನ್ನೂ ಗಮನಾರ್ಹವಾದವು: ನೀರು ಸ್ವಲ್ಪವಾಗಿ ನೆಲ ವಿಸ್ತಾರವಾಗಿರುವುದು, ನೀರು ಅಧಿಕವಾಗಿ ನೆಲ ಕಿರಿದಾಗಿರುವುದು. ಇದ್ದುದಕ್ಕೂ ಬಯಸಿದುದಕ್ಕೂ ಹೊಂದಿಕೆ ತಪ್ಪಿದರೆ ದೋಷವೆಂಬ ನಿರ್ಣಯವು ಇಲ್ಲಿ ಸ್ಪಷ್ಟವಾಗಿದೆ. ಗಡಿಯ ದೋಷವಂತೂ, ನೀರಿನ ಪ್ರಶ್ನೆಯಲ್ಲಿ ಆಳ್ವಿಕೆಯ ಪ್ರಶ್ನೆಯೂ ಅಡಗಿದೆಯೆಂಬುದನ್ನು ತೋರಿಸುವುದು. ಕನ್ನಡ ಶಾಸನಗಳಲ್ಲಿ ಬರುವ ಬಿತ್ತುವಟ್ಟ, ಕಟ್ಟುಕೊಡಗೆ ಎಂಬ ದತ್ತಿಗಳನ್ನೂ ಇದರೊಡನೆ ಓದಬೇಕು. ಕೆರೆಯನ್ನು ಕಟ್ಟಿದ ಮಾತ್ರಕ್ಕೆ ಅದು ನಿಲ್ಲಲಾರದು. ಹೂಳು ತುಂಬುತ್ತಲೇ ಇರುವುದು, ತೂಬು ಶಿಥಿಲವಾಗುವುದು, ಕೋಡಿ ಒಡೆಯುವುದು. ದುರಸ್ತಿಗೆ ಹುಟ್ಟುವಳಿಯನ್ನು ಮೀಸಲಿಟ್ಟವರಿಗೆ ಇದು ತಿಳಿದಿದ್ದಿತು. ಅಲ್ಲಿ ‘ಸ್ಥಿರ’ವಾದುದು ಯಾವುದೂ ಇಲ್ಲ, ಪೋಷಣೆಯೊಂದೇ ಇರುವುದು.

ಇಷ್ಟನ್ನು ಓದಿ ಪೂರ್ವಿಕರ ಸ್ತೋತ್ರಪಾಠಕ್ಕೆ ತೊಡಗುವವರು ನಮ್ಮಲ್ಲಿ ಬಹಳ, ಪಂಡಿತವರ್ಗದಲ್ಲಂತೂ ಹೇಳಲೇಬೇಕಾಗಿಲ್ಲ. ಅಧ್ಯಾಪಕನಾಗತಕ್ಕವನನ್ನು ಈ ಮೋಹದಿಂದ ತಪ್ಪಿಸುವುದೂ ಶಿಕ್ಷಣದ ಕೆಲಸವೇ. ಹಳೆಯ ಮೈಸೂರು ಸೀಮೆಯ ಅನೇಕ ಗ್ರಾಮಗಳಲ್ಲಿ ಗದ್ದೆಗದ್ದೆಗೆ ನೀರು ಹಂಚುತ್ತಿದ್ದ ನೀರುಗಂಟಿಯು ಅಸ್ಪೃಶ್ಯವೆನಿಸಿದ ಕುಲದವನು. ಮುಂಬಯಿ ಪ್ರಾಂತದ ಮಹಾಡಿನಲ್ಲಿ ಚವದಾರ್ ಕೆರೆಯ ನೀರನ್ನು ಕುಡಿಯುವ ಹಕ್ಕಿಗಾಗಿ ಅಂಬೇಡ್ಕರರು 1927ರಲ್ಲಿ ಸತ್ಯಾಗ್ರಹ ಹೂಡಬೇಕಾಯಿತು. ಕೆರೆಯ ಪಾಠದಲ್ಲಿ ಈ ಸಂಗತಿಯನ್ನು ಬಿಟ್ಟರೆ ಸಮುದಾಯವೆಂಬ ಶಬ್ದಕ್ಕೆ ಅವ್ಯಾಪ್ತಿದೋಷವು ಬರುವುದು. 2009ರ ಗ್ರಂಥವು ‘ಸಮತೆ’ ಎಂಬ ವಿಶೇಷಣವನ್ನು ಮುಂದಿಟ್ಟುದು ಸಾರ್ಥಕವಾಗುವುದು ಇಂತಹ ಎಡೆಯಲ್ಲಿಯೇ.

2014ರ ನಿಯಮಗಳು ಬಿ.ಎಡ್. ಶಿಕ್ಷಣವನ್ನು ಎರಡು ವರ್ಷಕ್ಕೆ ಹಿಗ್ಗಿಸಿ, ಶಾಲೆಗಳಲ್ಲಿ 20 ವಾರಗಳ ಅಭ್ಯಾಸವನ್ನು ವಿಧಿಸಿದುವು. ಕಾಲವಿಲ್ಲವೆಂಬ ನೆವಕ್ಕೆ ಅಂದಿನಿಂದ ಎಡೆಯಿಲ್ಲ. ಅಭ್ಯಾಸಕ್ಕೆ ಹೋದ ಊರಿನ ಒಂದು ಕೆರೆಯನ್ನೋ ಬಾವಿಯನ್ನೋ ಗೋಮಾಳವನ್ನೋ ವಿದ್ಯಾರ್ಥಿಯು ತನ್ನದಾಗಿ ಆರಿಸಿಕೊಳ್ಳಲಿ. ಅದನ್ನು ಯಾರು ಕಟ್ಟಿದರು, ಯಾರು ಕಾಯುವರು, ಹೂಳನ್ನು ಕಡೆಯ ಸಲ ಯಾವ ವರ್ಷ ಎತ್ತಿದರು, ಯಾರಿಗೆ ಪಾಲುಂಟು, ಯಾರಿಗೆ ಇದ್ದಿಲ್ಲ ಎಂಬುದನ್ನು ಊರಿನವರಿಂದಲೇ ಕೇಳಿ ಬರೆಯಲಿ. ಗಣಿತದ ಅಧ್ಯಾಪಕನಿಗೆ ಅಚ್ಚುಕಟ್ಟಿನ ಅಳತೆಯಿದೆ, ಚರಿತ್ರೆಯವನಿಗೆ ಕಲ್ಲುಬರಹವಿದೆ, ಭಾಷೆಯವನಿಗೆ ತೂಬು, ಕೋಡಿ, ಮದಗಗಳೆಂಬ ಶಬ್ದಸಂಪತ್ತಿದೆ. ಪರೀಕ್ಷೆಯಲ್ಲಿ ಲಕ್ಷಣವನ್ನು ಬರೆಯಿರೆಂಬ ಪ್ರಶ್ನೆಗೆ ಬದಲು, ನೀವು ನೋಡಿದ ಕೆರೆಯ ದೋಷಗಳೆಷ್ಟು, ಅವುಗಳಲ್ಲಿ ಪರಿಹಾರಸಾಧ್ಯವಾದುವು ಯಾವುವು ಎಂದು ಕೇಳಬಹುದು.