ಕಡಲ್ಗಳ್ಳರ ಹರಾಜು

ಜಾತ್ರೆಯ ತೊಟ್ಟಿಲನ್ನಾಗಲಿ ಸುತ್ತುವ ಮರದ ಕುದುರೆಯನ್ನಾಗಲಿ ಯಾರೂ ವಿಮರ್ಶೆ ಮಾಡಲು ಹೋಗುವುದಿಲ್ಲ. ಹತ್ತಿ, ತಿರುಗಿ, ಇಳಿದು ಬಂದರೆ ಅಲ್ಲಿಗೆ ಮುಗಿಯಿತು. ಆದರೆ ಅಮೆರಿಕದ ಕ್ಯಾಲಿಫೋರ್ನಿಯದಲ್ಲಿರುವ ಡಿಸ್ನಿಲ್ಯಾಂಡಿನ ‘ಪೈರೇಟ್ಸ್ ಆಫ್ ದಿ ಕೆರಿಬಿಯನ್’ ಎಂಬ ದೋಣಿಸವಾರಿಯನ್ನು ಆ ಗುಂಪಿಗೆ ಸೇರಿಸಿ ಸುಮ್ಮನಾಗುವುದು ನ್ಯಾಯವಲ್ಲ. ಚಿತ್ರಕಾರ, ಶಿಲ್ಪಿ, ಸಂಭಾಷಣೆಕಾರ, ಸಂಗೀತಗಾರ ಎಲ್ಲರೂ ಕೂಡಿ ಕಟ್ಟಿದ ದೊಡ್ಡದೊಂದು ಬೊಂಬೆಯಾಟ ಅದು. ನಾಟಕಕ್ಕೆ ಇರುವಂತೆ ಅದಕ್ಕೂ ಒಂದು ವಸ್ತು, ಒಂದು ಕ್ರಮ, ಒಂದು ರಸ ಉಂಟು. 1967ರ ಮಾರ್ಚ್ 18ರಂದು ಅದು ಜನರಿಗೆ ತೆರೆಯಿತು. ಅಲ್ಲಿಂದೀಚೆಗೆ ಅದರ ಪಾಠವನ್ನು ಮತ್ತೆ ಮತ್ತೆ ತಿದ್ದಿದ್ದಾರೆ. ತಿದ್ದಿದ ಕೃತಿಯನ್ನು ಮೂಲದ ಪಕ್ಕದಲ್ಲಿಟ್ಟು ನೋಡುವುದು ವಿಮರ್ಶಕನ ಹಳೆಯ ಕಸುಬೇ ಆಗಿದೆ.

ಮಕ್ಕಳ ಮನೆಗೆಂದು ಕ್ಯಾಲಿಫೋರ್ನಿಯಕ್ಕೆ ಹೋಗಿ ಬರುವ ನಮ್ಮ ಬೆಂಗಳೂರು, ಮೈಸೂರುಗಳ ಹಿರಿಯರಲ್ಲಿ ಮೊಮ್ಮಕ್ಕಳ ಜೊತೆ ಈ ದೋಣಿಯಲ್ಲಿ ಕುಳಿತು ಬಂದವರು ಇದ್ದಾರೆ. ಅವರು ಈ ಒಂದು ಪ್ಯಾರಾವನ್ನು ಬಿಟ್ಟು ಮುಂದೆ ಓದಬಹುದು. ದೋಣಿ ಹೊರಡುವುದು ಲೂಯಿಸಿಯಾನದ ಜೌಗುನೆಲದ ಮುಸ್ಸಂಜೆಯಲ್ಲಿ. ಹೊರಗೆ ಸುಡುಬಿಸಿಲಿದ್ದರೂ ಒಳಗೆ ಮಿಂಚುಹುಳುಗಳು ಹಾರಾಡುತ್ತವೆ. ಗುಡಿಸಲಿನ ಜಗಲಿಯ ಮೇಲೆ ಒಬ್ಬ ಮುದುಕ ತೂಗುಕುರ್ಚಿಯಲ್ಲಿ ಕುಳಿತಿದ್ದಾನೆ. ಆಮೇಲೆ ದೋಣಿ ಕತ್ತಲಿನಲ್ಲಿ ಎರಡು ಸಲ ಧುಮುಕುತ್ತದೆ. ಈ ಧುಮುಕು ಬರಿಯ ಮೋಜಿಗೆಂದು ಮಾಡಿದ್ದಲ್ಲ. ಉದ್ಯಾನವನ್ನು ಸುತ್ತುವ ರೈಲುದಾರಿಯ ಕೆಳಗೆ ನುಸುಳಿ ಆಚೆಗಿರುವ ದೊಡ್ಡ ಕಟ್ಟಡವನ್ನು ಸೇರಬೇಕಾಗಿತ್ತು, ಅದಕ್ಕೆ ಇಳಿಯಲೇಬೇಕು. ಕೆಳಗೆ ಗವಿಗಳು, ಗವಿಗಳ ತುಂಬ ಅಸ್ಥಿಪಂಜರಗಳು. ಒಂದು ಬಿರುಗಾಳಿಯಲ್ಲಿ ಹಡಗಿನ ಚುಕ್ಕಾಣಿ ಹಿಡಿದು ನಿಂತಿದೆ. ಇನ್ನೊಂದು ಕುಡಿಯುತ್ತಲೇ ಇದೆ, ಕುಡಿದದ್ದು ಪಕ್ಕೆಲುಬುಗಳ ನಡುವೆ ಹರಿದುಹೋಗುತ್ತಿದೆ. ಮತ್ತೊಂದು ಹೊನ್ನಿನ ರಾಶಿಯ ಮೇಲೆ ಕುಳಿತಿದೆ. ಇವನ್ನೆಲ್ಲ ದಾಟಿದ ಮೇಲೆ ತೋಪಿನ ಸದ್ದು. ಬದುಕಿರುವ ಕಡಲ್ಗಳ್ಳರು ಕೋಟೆಯೊಂದಕ್ಕೆ ಮುತ್ತಿಗೆ ಹಾಕಿದ್ದಾರೆ. ಊರು ಸೂರೆಹೋಗುತ್ತದೆ, ಕೊನೆಗೆ ಉರಿದುಹೋಗುತ್ತದೆ. ಎಲ್ಲ ಸೇರಿ ಸುಮಾರು 15 ನಿಮಿಷದ ಪ್ರಯಾಣ.

ಇಲ್ಲಿಯ ಕ್ರಮವನ್ನು ಗಮನಿಸಬೇಕು. ಮೊದಲು ಸಾವು, ಆಮೇಲೆ ಬದುಕು. ಎಲುಬುಗಳನ್ನು ಕಂಡು ಬಂದ ಕಣ್ಣಿನಿಂದಲೇ ನಾವು ಆ ಕುಡುಕರ ಕೇಕೆಯನ್ನು ನೋಡುತ್ತೇವೆ. ಯಾರೂ ಉಪದೇಶ ಮಾಡುವುದಿಲ್ಲ; ಮಾಡಬೇಕಾದ ಅಗತ್ಯವೂ ಇಲ್ಲ. 1992ರಲ್ಲಿ ಪ್ಯಾರಿಸ್ಸಿನ ಬಳಿ ಇದೇ ಸವಾರಿಯನ್ನು ಕಟ್ಟಿದಾಗ ಈ ಕ್ರಮವನ್ನು ತಿರುವುಮುರುವು ಮಾಡಿದರು: ಮೊದಲು ಸೂರೆ, ಕೊನೆಯಲ್ಲಿ ಅಸ್ಥಿಪಂಜರ. ಕಾಲಕ್ರಮಕ್ಕೆ ಅದು ಸರಿಹೋಯಿತು, ನಿಜ. ಆದರೆ ‘ಮಾಡಿದ್ದುಣ್ಣೋ ಮಹಾರಾಯ’ ಎನ್ನುವ ನೀತಿಕಥೆಯಾಯಿತು. ಕ್ಯಾಲಿಫೋರ್ನಿಯದ ಮೂಲದಲ್ಲಿರುವ ವಿಚಿತ್ರವಾದ ತಣ್ಣನೆಯ ಭಯ ಅದರಲ್ಲಿಲ್ಲ. ಫ್ಲೋರಿಡಾದಲ್ಲಿ 1973ರಲ್ಲಿ ಕಟ್ಟಿದ್ದು ಇನ್ನೂ ಚಿಕ್ಕದು. ಜನ ಕೇಳಿದರೆಂದು ಕಟ್ಟಿದ್ದು. ಅದರ ವಿಷಯದಲ್ಲಿ ಹೆಚ್ಚು ಹೇಳಬೇಕಾದದ್ದಿಲ್ಲ.

ಮೊದಲಿಗೆ ವಾಲ್ಟ್ ಡಿಸ್ನಿಯ ಮನಸ್ಸಿನಲ್ಲಿದ್ದದ್ದು ಜನ ನಡೆದುಕೊಂಡು ನೋಡುವ ಮೇಣದ ಬೊಂಬೆಗಳ ಪ್ರದರ್ಶನ. 1964-65ರ ನ್ಯೂಯಾರ್ಕಿನ ವಿಶ್ವಮೇಳದಲ್ಲಿ ಅವನ ಸಂಸ್ಥೆ ನೀರಿನ ಕಾಲುವೆಯಲ್ಲಿ ದೋಣಿಗಳನ್ನು ಸಾಲಾಗಿ ಹರಿಸಿ ಅಪಾರ ಜನರನ್ನು ಸಾಗಿಸಿತು. ಮಾತನಾಡುವ, ಕೈಕಾಲು ಆಡಿಸುವ ಯಂತ್ರದ ಬೊಂಬೆಗಳೂ ಅಲ್ಲಿ ಗೆದ್ದವು. ಮೇಣವನ್ನು ಬಿಟ್ಟರು, ದೋಣಿಯನ್ನು ಹಿಡಿದರು. ಪಾತ್ರಗಳನ್ನೂ ಹಾಸ್ಯಸನ್ನಿವೇಶಗಳನ್ನೂ ಬರೆದವನು ಮಾರ್ಕ್ ಡೇವಿಸ್. ಚಲಿಸುವ ಚಿತ್ರಗಳಲ್ಲಿ ಕ್ರುಯೆಲಾ ಡಿ ವಿಲ್‌ಳಂಥ ಖಳನಾಯಕಿಯರಿಗೆ ಜೀವ ಕೊಟ್ಟ ಕೈ ಅದು. ದೃಶ್ಯಗಳ ಬೆಳಕು, ಆಳ, ಕತ್ತಲು ಕ್ಲಾಡ್ ಕೋಟ್ಸ್‌ನವು. ಮುಖಗಳನ್ನು ಕಡೆದವನು ಬ್ಲೇನ್ ಗಿಬ್ಸನ್. ಮಾತುಗಳನ್ನೂ ಹಾಡಿನ ಸಾಹಿತ್ಯವನ್ನೂ ಬರೆದವನು ಎಕ್ಸ್ ಅಟೆನ್ಸಿಯೊ, ರಾಗ ಜಾರ್ಜ್ ಬ್ರನ್ಸ್‌ನದು. ವಾಲ್ಟ್ ಡಿಸ್ನಿ 1966ರ ಡಿಸೆಂಬರ್ 15ರಂದು ತೀರಿಕೊಂಡ. ಮುಗಿದ ಕೆಲಸವನ್ನು ಅವನು ನೋಡಲಿಲ್ಲ.

ಒಂದು ಸಂಗತಿಯನ್ನು ಅಟೆನ್ಸಿಯೊ ಮುಂದೆ ಹೇಳಿಕೊಂಡಿದ್ದಾನೆ. ಒಂದು ಬೊಂಬೆಯ ಮಾತು ಇನ್ನೊಂದರ ಮೇಲೆ ಬಿದ್ದು ಏನೂ ಸ್ಪಷ್ಟವಾಗಿ ಕೇಳಿಸುವುದಿಲ್ಲವೆಂದು ಅವನು ಕೊರಗಿದಾಗ, ಅದು ಔತಣಕೂಟದ ಹಾಗೆ, ಅಲ್ಲೊಂದು ಇಲ್ಲೊಂದು ಮಾತು ಕಿವಿಗೆ ಬಿದ್ದರೆ ಸಾಕು, ಉಳಿದದ್ದನ್ನು ಕೇಳಲು ಜನ ಮತ್ತೆ ಬರುತ್ತಾರೆ ಎಂದು ಡಿಸ್ನಿ ಸಮಾಧಾನ ಮಾಡಿದನಂತೆ. ಈ ಮಾತಿನಲ್ಲಿ ವ್ಯಾಪಾರಿಯ ಬುದ್ಧಿ ಇದೆ, ಒಪ್ಪೋಣ. ಆದರೆ ಈ ಕೃತಿಯ ಲಕ್ಷಣವೂ ಇದರಲ್ಲೇ ಇದೆ. ಅದಕ್ಕೆ ಕಥೆಯಿಲ್ಲ, ನಾಯಕನಿಲ್ಲ. ಊರಿನ ಬೀದಿಯಲ್ಲಿ ಏನೋ ನಡೆಯುತ್ತಿದೆ. ನಮ್ಮ ದೋಣಿ ಅದನ್ನು ಹಾದುಹೋಗುತ್ತದೆ, ಅಷ್ಟೆ.

2006ರ ತಿದ್ದುಪಡಿ ಕೈಹಾಕಿದ್ದು ಈ ಲಕ್ಷಣದ ಮೇಲೆಯೇ. ಸವಾರಿಯ ಹೆಸರನ್ನು ಹಿಡಿದು 2003ರಲ್ಲಿ ಒಂದು ಚಲನಚಿತ್ರ ಬಂತು, ಅದು ಗೆದ್ದಿತು, ಗೆದ್ದ ಚಿತ್ರದ ಪಾತ್ರಗಳು ಸವಾರಿಯೊಳಗೆ ಬಂದು ಕುಳಿತವು. ಮಗನೇ ತಂದೆಗೆ ನಾಮಕರಣ ಮಾಡಿದಂತಾಯಿತು! ಹಡಗಿನ ಮೇಲೆ ಹೆಸರಿಲ್ಲದೆ ಅಬ್ಬರಿಸುತ್ತಿದ್ದ ಕಪ್ತಾನನ ಜಾಗದಲ್ಲಿ ಬಾರ್ಬೋಸಾ ನಿಂತ. ಊರಿನ ಮುಖ್ಯಸ್ಥನನ್ನು ಬಾವಿಯಲ್ಲಿ ಮುಳುಗಿಸಿ ಮುಳುಗಿಸಿ ಮೊದಲು ಹಣ ಎಲ್ಲಿದೆ ಎಂದು ಕೇಳುತ್ತಿದ್ದರು. ಈಗ ಜಾಕ್ ಸ್ಪ್ಯಾರೋ ಎಲ್ಲಿದ್ದಾನೆ ಎಂದು ಕೇಳುತ್ತಾರೆ. ನಟ ಜಾನಿ ಡೆಪ್ಪನ ಮುಖವನ್ನೇ ಹೊತ್ತ ಜಾಕ್ ಅಲ್ಲಿ ಅಡಗಿರುತ್ತಾನೆ, ಪೀಪಾಯಿಯಿಂದ ಇಣುಕುತ್ತಾನೆ, ಕೊನೆಯಲ್ಲಿ ನಿಧಿಯ ನಡುವೆ ಕುಳಿತು ಹಾಡುತ್ತಾನೆ. ಬೊಂಬೆಯ ಕೆಲಸಗಾರಿಕೆ ಅದ್ಭುತವಾಗಿದೆ. ಆ ಮಾತನ್ನು ಕಡೆಗಣಿಸುವಂತಿಲ್ಲ. ಆದರೆ ದೋಣಿಯಲ್ಲಿರುವ ಮಗುವಿನ ಕಣ್ಣು ಈಗ ಊರನ್ನು ನೋಡುವುದಿಲ್ಲ, ಜಾಕ್‌ನನ್ನು ಹುಡುಕುತ್ತದೆ. ಪರಿಚಿತ ಮುಖ ಸಿಕ್ಕಿತೆಂದರೆ ಉಳಿದ ಬೊಂಬೆಗಳೆಲ್ಲ ಹಿನ್ನೆಲೆಯ ಪರದೆಯಾಗುತ್ತವೆ. 2016ರಲ್ಲಿ ಶಾಂಘಾಯಿಯಲ್ಲಿ ತೆರೆದ ಸವಾರಿಯಂತೂ ಪೂರ್ತಿಯಾಗಿ ಚಿತ್ರದ ಕಥೆಯೇ. ದೈತ್ಯಗಾತ್ರದ ಪರದೆಗಳು, ಅಯಸ್ಕಾಂತದ ಬಲದಿಂದ ಹಿಂದಕ್ಕೂ ಅಡ್ಡಕ್ಕೂ ತಿರುಗುವ ದೋಣಿ! ಅದನ್ನು ಬೇರೆಯ ಕೃತಿಯೆಂದೇ ಭಾವಿಸಿ ಬೇರೆಯಾಗಿ ಮೆಚ್ಚಬೇಕು.

ಇನ್ನು ಹೆಚ್ಚು ಜಗಳಕ್ಕೆ ಕಾರಣವಾದ ಇನ್ನೆರಡು ತಿದ್ದುಪಡಿಗಳು. ಮೂಲದಲ್ಲಿ ಕಡಲ್ಗಳ್ಳರು ಊರಿನ ಹೆಂಗಸರನ್ನು ಅಟ್ಟಿಸಿಕೊಂಡು ಸುತ್ತುಸುತ್ತಾಗಿ ಓಡುವ ದೃಶ್ಯವೊಂದಿತ್ತು. ತಿರುಗುವ ತಟ್ಟೆಯ ಮೇಲಿನ ಬೊಂಬೆಗಳಾದ್ದರಿಂದ ಯಾರೂ ಯಾರ ಕೈಗೂ ಸಿಕ್ಕುವುದಿಲ್ಲ. ಪ್ರೇಕ್ಷಕರಿಗೆ ಇದು ಸಲ್ಲದೆಂದು ತೋರಿದಾಗ, 1997ರಲ್ಲಿ ಆ ಹೆಂಗಸರ ಕೈಗೆ ತಿಂಡಿಯ ತಟ್ಟೆಗಳನ್ನು ಕೊಟ್ಟರು! ಕಳ್ಳರು ಓಡುವುದು ಹೆಣ್ಣಿಗಲ್ಲ, ಊಟಕ್ಕೆ ಎಂದರ್ಥ. ಎಲ್ಲ ತಿದ್ದುಪಡಿಗಳಲ್ಲಿ ಇದೇ ಅತ್ಯಂತ ಕೆಟ್ಟದ್ದೆಂದು ನನ್ನ ಅಭಿಪ್ರಾಯ. ಹೆದರಿ ಓಡುವ ಹೆಣ್ಣು ಆಗ ಹಾಗೆಯೇ ಉಳಿದಳು, ಅಟ್ಟುವ ಗಂಡಸೂ ಹಾಗೆಯೇ ಉಳಿದ. ನಡುವೆ ಒಂದು ತಟ್ಟೆ ಬಂತು. ತಪ್ಪೆಂದು ತಿಳಿದಿದ್ದರೆ ದೃಶ್ಯವನ್ನು ತೆಗೆಯಬೇಕಾಗಿತ್ತು, ತಪ್ಪಲ್ಲವೆಂದಿದ್ದರೆ ಬಿಡಬೇಕಾಗಿತ್ತು.

ಎರಡನೆಯದು ಹರಾಜು. ಊರಿನ ಹೆಂಗಸರನ್ನು ಹಗ್ಗದಲ್ಲಿ ಕಟ್ಟಿ ಸಾಲಾಗಿ ನಿಲ್ಲಿಸಿದ್ದಾರೆ. ಹೆಂಡತಿ ಬೇಕಾದವರು ಕೊಳ್ಳಿ ಎಂದು ಮೇಲೆ ಬಟ್ಟೆಯ ಫಲಕ. ಹರಾಜುಗಾರ ಒಬ್ಬ ದಪ್ಪ ಹೆಂಗಸಿಗೆ ಬೆಲೆ ಕೂಗಿಸುತ್ತಿದ್ದಾನೆ. ಕುಡಿದ ಗಿರಾಕಿಗಳಿಗೆ ಅವಳು ಬೇಡ, ಅವಳ ಹಿಂದೆ ಸೊಂಟದ ಮೇಲೆ ಕೈಯಿಟ್ಟು ನಿಂತ ಕೆಂಗೂದಲಿನ ಹೆಣ್ಣು ಬೇಕು. ಸಾಲಿನಲ್ಲಿ ಒಬ್ಬಳು ಅಳುತ್ತಿದ್ದಾಳೆ. ಡೇವಿಸ್‌ನ ಕೈಚಳಕಕ್ಕೆ ಇದೇ ಅತ್ಯುತ್ತಮ ನಿದರ್ಶನವೆಂದು ಹಳಬರು ಹೇಳುತ್ತಿದ್ದರು. ಪ್ಯಾರಿಸ್ಸಿನಲ್ಲಿ 2017ರಲ್ಲೂ ಅಮೆರಿಕದ ಎರಡು ಕಡೆಗಳಲ್ಲಿ 2018ರಲ್ಲೂ ಇದನ್ನು ಬದಲಾಯಿಸಿದರು. ಈಗ ಹರಾಜಾಗುವುದು ಸೂರೆಯ ಸಾಮಾನು; ದಪ್ಪ ಹೆಂಗಸು ತನ್ನ ಕೋಳಿಗಳೊಂದಿಗೆ ನಿಂತಿದ್ದಾಳೆ; ಗಿರಾಕಿಗಳು ಕೂಗುವುದು ರಮ್ಮಿಗಾಗಿ; ಕೆಂಗೂದಲಿನವಳು ಕೈಯಲ್ಲಿ ಬಂದೂಕು ಹಿಡಿದು ತಾನೇ ಕಡಲ್ಗಳ್ಳಿಯಾಗಿದ್ದಾಳೆ.

ಹಳೆಯ ದೃಶ್ಯದ ಪರವಾಗಿ ವಾದಿಸುವವರು ಹೇಳುವುದು ಇಷ್ಟು: ನಾವು ನಗುವುದು ಆ ಕುಡುಕರನ್ನು ಕಂಡು, ಹೆಂಗಸರನ್ನು ಕಂಡಲ್ಲ. ಈ ವಾದವನ್ನು ಹಗುರವಾಗಿ ತಳ್ಳಿಹಾಕುವಂತಿಲ್ಲ. ನಮ್ಮ ಆಲಂಕಾರಿಕರಲ್ಲೂ ಇದಕ್ಕೆ ಆಧಾರ ಸಿಕ್ಕುತ್ತದೆ. ಶೃಂಗಾರದಿಂದಲೇ ಹಾಸ್ಯ ಹುಟ್ಟುತ್ತದೆಂದು ಭರತ ಹೇಳಿದ. ಸೀತೆಯಲ್ಲಿ ರಾವಣನಿಗಿದ್ದ ಮೋಹವನ್ನು ಅಭಿನವಗುಪ್ತ ಶೃಂಗಾರಾಭಾಸಕ್ಕೆ ಉದಾಹರಣೆಯಾಗಿ ತೆಗೆದುಕೊಂಡ. ಒಲಿಯದವಳಿಗಾಗಿ ಹಲುಬುವವನು ವಿವೇಕಿಗಳ ಕಣ್ಣಿಗೆ ನಗೆಪಾಟಲಾಗುತ್ತಾನೆ. ಆದರೆ ಆ ನಗೆಗೆ ಒಂದು ಕಟ್ಟುಪಾಡಿದೆ. ರಾವಣನನ್ನು ಕಂಡು ನಗಬಹುದು, ಸೀತೆಯನ್ನು ಕಂಡು ನಗುವಂತಿಲ್ಲ. ಹರಾಜಿನ ದೃಶ್ಯ ಸೋತದ್ದು ಇಲ್ಲಿಯೇ. ದಪ್ಪ ಹೆಂಗಸನ್ನು ಯಾರೂ ಕೊಳ್ಳುವುದಿಲ್ಲವೆಂಬುದೇ ಅಲ್ಲಿಯ ಮುಖ್ಯ ಹಾಸ್ಯವಾಗಿತ್ತು. ನಗೆ ಕೊಳ್ಳುವವನನ್ನು ಬಿಟ್ಟು ಮಾರಾಟಕ್ಕೆ ನಿಂತವಳ ಕಡೆಗೆ ತಿರುಗಿತು. ಪಕ್ಕದಲ್ಲಿ ಅಳುವವಳನ್ನು ನಿಲ್ಲಿಸಿ ಈ ನಗೆಯನ್ನು ಎಬ್ಬಿಸುವುದು ಔಚಿತ್ಯವಲ್ಲ, 1967ರಲ್ಲೂ ಅಲ್ಲ. ಆದ್ದರಿಂದ ಬದಲಾಯಿಸಿದ್ದು ಸರಿಯೇ ಆಯಿತು.

ಆದರೂ ಬದಲಾಯಿಸಿದ್ದರಿಂದ ಏನು ಮರೆಯಾಯಿತು ಎಂಬ ಪ್ರಶ್ನೆ ಉಳಿಯುತ್ತದೆ. ಇದನ್ನು ಎತ್ತಿದವರು ಕಡಮೆ. ಈ ಸವಾರಿಯ ಬಾಗಿಲಿರುವುದು ನ್ಯೂ ಆರ್ಲಿಯನ್ಸ್ ನಗರದ ಮಾದರಿಯಲ್ಲಿ ಕಟ್ಟಿದ ಬೀದಿಯಲ್ಲಿ. ಅಂತರ್ಯುದ್ಧಕ್ಕೆ ಮುಂಚೆ ಅಮೆರಿಕದ ದಕ್ಷಿಣದಲ್ಲೆಲ್ಲ ಅತಿ ದೊಡ್ಡದಾದ ಗುಲಾಮರ ಸಂತೆ ನಡೆಯುತ್ತಿದ್ದದ್ದು ಆ ನಗರದಲ್ಲಿ. ದೋಣಿ ಹೊರಡುವ ಕಟ್ಟೆಗೆ ಇಟ್ಟಿರುವುದು ಲಫೀಟ್‌ನ ಹೆಸರು. ಜೀನ್ ಲಫೀಟ್ ಎಂಬ ಆ ಕಡಲ್ಗಳ್ಳ ಲೂಯಿಸಿಯಾನಕ್ಕೆ ಗುಲಾಮರನ್ನು ಕಳ್ಳಸಾಗಣೆ ಮಾಡಿದವನು. ಕೆರಿಬಿಯನ್ ದ್ವೀಪಗಳ ಸಕ್ಕರೆಯ ಸಿರಿಯೆಲ್ಲ ಆಫ್ರಿಕದಿಂದ ಹಡಗಿನಲ್ಲಿ ತಂದು ಮಾರಿದ ಮನುಷ್ಯರ ದುಡಿಮೆಯಿಂದ ಬಂದದ್ದು. ಆ ಕಡಲಿನಲ್ಲಿ, ಆ ಬಂದರುಗಳಲ್ಲಿ ಮನುಷ್ಯರ ಹರಾಜು ಡೇವಿಸ್ ಕಟ್ಟಿದ ಕಲ್ಪನೆಯಲ್ಲ, ದಿನನಿತ್ಯದ ವ್ಯವಹಾರ. 15 ನಿಮಿಷದ ಆ ಸವಾರಿಯಲ್ಲಿ ಈ ಸತ್ಯ ತಲೆಯೆತ್ತಿದ್ದು ಒಂದೇ ಒಂದು ಕಡೆ. ಅದೂ ಬಿಳಿಯ ಹೆಂಗಸರ ವೇಷದಲ್ಲಿ, ಹಾಸ್ಯದ ಮರೆಯಲ್ಲಿ, ಬಹುಶಃ ಕಟ್ಟಿದವರಿಗೇ ಅರಿವಿಲ್ಲದೆ. ಈಗ ಅದೂ ಇಲ್ಲ. ಅಲ್ಲಿ ಕೋಳಿಗಳು ಮಾರಾಟವಾಗುತ್ತಿವೆ.

ಬಂದೂಕು ಹಿಡಿದ ಕೆಂಗೂದಲಿನವಳನ್ನು ಹೆಣ್ಣಿನ ಬಿಡುಗಡೆಯೆಂದು ಹೊಗಳುವವರಿದ್ದಾರೆ. ಸೂರೆಯಾದ ಊರಿನ ಹೆಣ್ಣು ಸೂರೆ ಮಾಡುವವರ ಗುಂಪಿಗೆ ಸೇರಿದಳು. ಅವಳ ಕೈಯಲ್ಲಿರುವ ಬಂದೂಕು ಯಾರ ಕಡೆಗೆ ತಿರುಗಿದೆ ಎಂಬುದನ್ನೂ ಹೊಗಳುವವರು ಹೇಳಬೇಕು. ಹಳೆಯವಳಲ್ಲಿ ಒಂದು ಬಗೆಯ ಹಮ್ಮು ಇತ್ತು. ತನ್ನನ್ನು ಕೂಗುವ ಆ ಮಂದಿಯನ್ನೆಲ್ಲ ತೃಣವಾಗಿ ಕಾಣುವ ನಿಲುವು. ಹೊಸಬಳಲ್ಲಿ ಹಮ್ಮೂ ಇದೆ, ಆಯುಧವೂ ಇದೆ, ಆದರೆ ಎದುರು ನಿಂತು ಸೆಣಸಲು ಏನೂ ಇಲ್ಲ. ರಮ್ಮು ಕೇಳುವ ಕುಡುಕರು ಯಾರಿಗೆ ತಾನೆ ಹೆದರಿಕೆ?

ಊರು ಉರಿಯುವ ದೃಶ್ಯವನ್ನು ಮಾತ್ರ ತಿದ್ದಬೇಕೆಂದು ಯಾರಿಗೂ ಅನ್ನಿಸಿಲ್ಲ. ಮನೆಗಳು ಧಗಧಗಿಸುತ್ತವೆ, ಕಡಲ್ಗಳ್ಳರು ಹಾಡುತ್ತಾರೆ, ದೋಣಿಯಲ್ಲಿ ಕುಳಿತವರೂ ದನಿಗೂಡಿಸುತ್ತಾರೆ. ಅದರ ಮುಂದೆ ಸೆರೆಮನೆ. ಕಂಬಿಗಳ ಹಿಂದೆ ಸಿಕ್ಕಿಬಿದ್ದ ಕೆಲವು ಕಳ್ಳರು, ಬೀಗದ ಕೈಗಳನ್ನು ಬಾಯಲ್ಲಿ ಕಚ್ಚಿ ಕುಳಿತ ನಾಯಿಯೊಂದನ್ನು ಎಲುಬು ತೋರಿಸಿ, ಶಿಳ್ಳೆ ಹಾಕಿ ಕರೆಯುತ್ತಿದ್ದಾರೆ. ಬೆಂಕಿ ಹತ್ತಿರ ಬರುತ್ತಿದೆ. 1967ರಿಂದ ಕರೆಯುತ್ತಲೇ ಇದ್ದಾರೆ. ನಾಯಿ ಬಾಲ ಅಲ್ಲಾಡಿಸುತ್ತದೆ, ಜಾಗ ಬಿಟ್ಟು ಏಳುವುದಿಲ್ಲ.