ಹಾರ್ಡಿ ತಿದ್ದಿಕೊಂಡ ಮಾತು

ಜಾಣ ಮಕ್ಕಳನ್ನು ಎಳವೆಯಲ್ಲೇ ಒಂದು ವಿಷಯಕ್ಕೆ ಕಟ್ಟಿಹಾಕಬೇಕೋ, ಎಲ್ಲವನ್ನೂ ಓದಿಸಬೇಕೋ ಎಂಬ ಚರ್ಚೆ ಎದ್ದಾಗಲೆಲ್ಲ ನಮ್ಮಲ್ಲಿ ಶ್ರೀನಿವಾಸ ರಾಮಾನುಜನ್ ಸಾಕ್ಷಿಗೆ ಬರುತ್ತಾರೆ. 1904ರಲ್ಲಿ ವಿದ್ಯಾರ್ಥಿವೇತನ ಪಡೆದು ಕುಂಭಕೋಣದ ಸರ್ಕಾರಿ ಕಾಲೇಜು ಸೇರಿದ ಅವರು ಗಣಿತವೊಂದನ್ನೇ ಹಿಡಿದು ಕೂತರು. ಇಂಗ್ಲಿಷಿನಲ್ಲಿ ನಪಾಸಾಗಿ ವೇತನ ಕಳೆದುಕೊಂಡರು. ಮುಂದೆ ಮದರಾಸಿನ ಪಚ್ಚಯ್ಯಪ್ಪ ಕಾಲೇಜಿಗೆ ಸೇರಿದರೂ ಎಫ್.ಎ. ಪರೀಕ್ಷೆ ದಾಟಲಿಲ್ಲ. ಅಲ್ಲಿ ಅಡ್ಡ ಬಂದದ್ದು ಶರೀರಶಾಸ್ತ್ರ. ಎಲ್ಲವನ್ನೂ ಓದಿಸುವ ಹಟ ಪ್ರತಿಭೆಗೆ ಮಾರಕ ಎನ್ನುವವರಿಗೆ ಇಷ್ಟು ಸಾಕು.

ರಾಮಾನುಜನ್‌ರನ್ನು ಕೇಂಬ್ರಿಜ್‌ಗೆ ಕರೆಸಿಕೊಂಡ ಜಿ. ಎಚ್. ಹಾರ್ಡಿ ಇದನ್ನು ಕುರಿತು ಎರಡು ಸಲ ಬರೆದರು. ಎಳವೆಯಲ್ಲಿ ಪಳಗಿಸಿದ್ದರೆ ಆತ ಇನ್ನೂ ದೊಡ್ಡ ಗಣಿತಜ್ಞನಾಗುತ್ತಿದ್ದ, ಆದರೆ ರಾಮಾನುಜನ್ನತನ ಕಡಿಮೆಯಾಗುತ್ತಿತ್ತು, ಪ್ರಾಯಶಃ ಲಾಭಕ್ಕಿಂತ ಆ ನಷ್ಟವೇ ದೊಡ್ಡದು ಎಂಬುದು 1927ರಲ್ಲಿ ಬಂದ ರಾಮಾನುಜನ್ ಪ್ರಬಂಧಗಳ ಸಂಪುಟದ ಮಾತು. 1940ರ ತಮ್ಮ ಉಪನ್ಯಾಸಗಳ ಪುಸ್ತಕದಲ್ಲಿ ಈ ಕೊನೆಯ ಭಾಗವನ್ನು ಬರಿಯ ಭಾವುಕತೆಯೆಂದು ಅವರೇ ತಳ್ಳಿಹಾಕಿದರು. ಕಾಲೇಜು ಆತನನ್ನು ಹೊರದಬ್ಬಿದ್ದರಿಂದ ಯಾರಿಗೂ ಏನೂ ದಕ್ಕಲಿಲ್ಲ ಎಂಬುದು ಅವರ ಅಂತಿಮ ತೀರ್ಪು.

ತೀರ್ಪು ಸರಿ. ಆದರೆ ಇದರಿಂದ ನಾವು ಎತ್ತಿಕೊಳ್ಳುವ ನೀತಿ ಸರಿಯೆ? ರಾಮಾನುಜನ್ ಹದಿಹರೆಯದಲ್ಲಿ ನೆಚ್ಚಿಕೊಂಡಿದ್ದು ಕಾರ್ ಎಂಬಾತನ ಪುಸ್ತಕವನ್ನು. ಕಾರ್ ಪರೀಕ್ಷೆಗೆ ಹುಡುಗರನ್ನು ತಯಾರು ಮಾಡುತ್ತಿದ್ದ ಮನೆಪಾಠದ ಮೇಷ್ಟ್ರು; ಅದು ಸಾವಿರಾರು ಫಲಿತಾಂಶಗಳ ಪಟ್ಟಿ, ಸಾಧನೆಯ ವಿವರ ಬಹಳ ಕಡಿಮೆ. ಆ ಬೀಜದಿಂದ ಅಂಥ ಮರ ಬೆಳೆದದ್ದು ಬೆರಗಿನ ಸಂಗತಿಯೇ. ಆದರೂ 1913ರಲ್ಲಿ ಹಾರ್ಡಿಗೆ ಬರೆದು ತಿಳಿಸಿದ ಅವಿಭಾಜ್ಯ ಸಂಖ್ಯೆಗಳ ಸಿದ್ಧಾಂತ ನಿಲ್ಲಲಿಲ್ಲ. ಯುರೋಪಿನಲ್ಲಿ ಆಗಲೇ ಬೆಳೆದಿದ್ದ ಸಂಮಿಶ್ರ ಸಂಖ್ಯೆಗಳ ವಿಶ್ಲೇಷಣೆ ಅವರಿಗೆ ಗೊತ್ತಿರಲಿಲ್ಲ. ಅಂದರೆ ಅವರಿಗೆ ಕೊರತೆಯಾದದ್ದು ಶರೀರಶಾಸ್ತ್ರವಲ್ಲ, ಗಣಿತದ ಒಳಗಿನ ವಿಸ್ತಾರ. ಕುಂಭಕೋಣ ಅವರಿಗೆ ಹಲವು ವಿಷಯಗಳ ಪರೀಕ್ಷೆ ಕೊಟ್ಟಿತು. ಎರಡನೆಯ ಗಣಿತ ಪುಸ್ತಕವನ್ನು, ಅದನ್ನು ಕೂತು ಚರ್ಚಿಸಬಲ್ಲ ಒಬ್ಬರನ್ನು ಕೊಡಲಿಲ್ಲ. ಹಲವು ವಿಷಯಗಳಲ್ಲಿ ಪಾಸಾಗುವುದನ್ನೇ ವಿಶಾಲ ಶಿಕ್ಷಣ ಎಂದು ಕರೆದದ್ದು ಆ ಕಾಲೇಜಿನ ತಪ್ಪು.

ಈಗ ನಾವು ಅದೇ ತಪ್ಪನ್ನು ತಿರುವಿ ಹಾಕಿದ್ದೇವೆ. ಹತ್ತನೆಯ ತರಗತಿ ಮುಗಿಯುವ ಮೊದಲೇ ಮಕ್ಕಳನ್ನು ಜೆಇಇ, ನೀಟ್ ಕೋಚಿಂಗಿಗೆ ಹಾಕಿ, ಭಾಷೆಯ ಪಾಠ ಅಂಕಕ್ಕಷ್ಟೇ ಸಾಕೆಂದು ಬಿಟ್ಟು, ಅದನ್ನು ವಿಶೇಷ ಪರಿಣತಿಯೆಂದು ನಂಬುತ್ತೇವೆ. ಆ ಮಕ್ಕಳ ಕೈಯಲ್ಲಿರುವುದೂ ಕಾರ್‌ನ ಪಟ್ಟಿಯಂಥದೇ: ಸೂತ್ರವಿದೆ, ಅದು ಎಲ್ಲಿಂದ ಬಂತೆಂಬುದಿಲ್ಲ. ಎರಡು ವರ್ಷ ಭೌತಶಾಸ್ತ್ರ ಬಿಡಿಸಿದ ಹುಡುಗಿಗೆ ಆ ಶಾಸ್ತ್ರದ ಮೇಲೆ ಒಲವಿದೆಯೋ ಇಲ್ಲವೋ ಎಂದು ಯಾರೂ ಕೇಳುವುದಿಲ್ಲ.

ಕೇಂಬ್ರಿಜ್‌ನಲ್ಲಿ ಹಾರ್ಡಿ ರಾಮಾನುಜನ್‌ರನ್ನು ಮೊದಲಿನಿಂದ ಪಾಠಕ್ಕೆ ಕೂರಿಸಲಿಲ್ಲ. ಹುರುಪು ಕುಂದೀತೆಂದು ಅಂಜಿ, ಅವರು ಹಿಡಿದ ದಾರಿಯಲ್ಲೇ ನಡೆದು ಬೇಕಾದದ್ದನ್ನು ಬೇಕಾದಲ್ಲಿ ಕಲಿಸಿದರು. ಕಲಿಸಿದ್ದಕ್ಕಿಂತ ಕಲಿತದ್ದೇ ಹೆಚ್ಚು ಎಂದರು. ಮಗುವಿನ ಒಲವಿನಿಂದ ಹೊರಟು ಸುತ್ತಲಿನ ಹೊಲಗಳಿಗೆ ದಾರಿ ತೋರಿಸುವ ಈ ಕ್ರಮಕ್ಕೆ ಪಠ್ಯಕ್ರಮ ಬದಲಾಗುವವರೆಗೆ ಕಾಯಬೇಕಿಲ್ಲ. ಊರಿನ ಗ್ರಂಥಾಲಯದಲ್ಲಿ ಒಂದು ಕಪಾಟು, ಸಂಜೆ ಒಂದು ಗಂಟೆ ಬಿಡುವಿರುವ ಒಬ್ಬ ಮೇಷ್ಟ್ರು ಇದ್ದರೆ ಶುರುಮಾಡಬಹುದು.